ಲಾಭ ತಂದುಕೊಟ್ಟವರಿಗೇ ಗೇಟ್‌ಪಾಸ್

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಣಿಜ್ಯ ಪುಟದ ಕೆಳಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಅಮೆರಿಕದ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ಕಂಪನಿಗಳಲ್ಲಿ ಹಳೆಯ ತಲೆಗಳೆಲ್ಲ ಹೊರಗೆ ಹೋಗುತ್ತಿವೆ, ಮೊಬೈಲ್ ಗೇಮ್‌ಗಳ ಎದುರು ಪುಸ್ತಕ ಮತ್ತು ದಾಳದ ಆಟ ಇನ್ನು ನಿಲ್ಲುವುದು ಕಷ್ಟ ಅಂತ ಅದರ ಸಾರ. ಐದಾರು ಸಾಲಿನ ಸುದ್ದಿ, ಹೆಚ್ಚಿನವರು ಓದಿರಲಿಕ್ಕಿಲ್ಲ. ನಾನು ಓದಿದೆ, ಯಾಕೆಂದರೆ ನಮ್ಮ ಮನೆಯ ಖರ್ಚು ಅರ್ಧಕ್ಕರ್ಧ ನಡೆಯುವುದು ಆ ಉದ್ಯಮದಿಂದಲೇ. ಉಡುಪಿಯ ಕುಂಜಿಬೆಟ್ಟಿನಲ್ಲಿ ಕೂತು ಇಂಥ ಆಟದ ಪುಸ್ತಕಗಳಿಗೆ ನಕ್ಷೆ ಬಿಡಿಸುವುದು, ಪುಟವಿನ್ಯಾಸ ಮಾಡುವುದು ನನ್ನ ಕೆಲಸ. ನಿಮ್ಮ ಸುದ್ದಿಯ ಮೊದಲರ್ಧ ಸರಿ ಉಂಟು. ಎರಡನೇ ಅರ್ಧ ಪೂರಾ ತಪ್ಪು.

ಆಟ ಎಂತದು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿದು ಮಾತಾಡುತ್ತಾರೆ. ವೇಷ ಇಲ್ಲ, ಬಾಯಿಪಾಠ ಮಾಡಿದ ಮಾತೂ ಇಲ್ಲ. ನಮ್ಮ ಊರಿನವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ, ತಾಳಮದ್ದಳೆಯೇ ಇದು. ಕಥೆ ನಡೆಸುವವರು ಭಾಗವತರು, ಆಡುವವರು ಅರ್ಥಧಾರಿಗಳು. ಆದರೆ ಕರ್ಣಪರ್ವದಲ್ಲಿ ಕರ್ಣ ಎಷ್ಟು ಚಂದ ಅರ್ಥ ಹೇಳಿದರೂ ಕೊನೆಗೆ ಸಾಯಲೇಬೇಕು. ಇಲ್ಲಿ ಇಪ್ಪತ್ತು ಮುಖದ ದಾಳ ಒಳ್ಳೆಯದು ಬಿದ್ದರೆ ರಥದ ಚಕ್ರ ಎತ್ತಿಕೊಂಡು ಹೊರಟೇ ಹೋಗಬಹುದು. ಈ ಜಾತಿಯ ಆಟಗಳಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದದ್ದು. ಪ್ರಕಾಶಕರು ಮಾರುವುದು ನಿಯಮದ ಪುಸ್ತಕ, ಕಥೆಯ ಪುಸ್ತಕ, ರಾಕ್ಷಸರ ವಿವರದ ಪುಸ್ತಕ. ಈಗ ಅದರ ಜೊತೆ ಆನ್‌ಲೈನ್ ಚಂದಾ ಕೂಡ.

ಇವತ್ತು ಆ ಆಟದ ಮಾಲೀಕರು ವಿಝರ್ಡ್ಸ್ ಆಫ್ ದಿ ಕೋಸ್ಟ್. ಅದರ ಮೇಲೆ ಹ್ಯಾಸ್‌ಬ್ರೊ, ಮೊನಾಪಲಿ ಮತ್ತು ಟ್ರಾನ್ಸ್‌ಫಾರ್ಮರ್ಸ್ ಆಟಿಕೆ ಮಾರುವ ಕಂಪನಿ. 2023ರ ಡಿಸೆಂಬರ್ 11ರಂದು, ಕ್ರಿಸ್ಮಸ್‌ಗೆ ಎರಡು ವಾರ ಇರುವಾಗ, ಹ್ಯಾಸ್‌ಬ್ರೊ 1,100 ಜನರನ್ನು ತೆಗೆಯುತ್ತೇವೆ ಅಂತ ಹೇಳಿತು. ಅದೇ ವರ್ಷ ಮೊದಲೇ 800 ಕೆಲಸ ಹೋಗಿತ್ತು. ಇದಕ್ಕೆ ನಾಲ್ಕೇ ದಿನ ಮೊದಲು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮದ ಮೇಲೆ ಬೆಲ್ಜಿಯಂನ ಲೇರಿಯನ್ ಸ್ಟುಡಿಯೋ ಮಾಡಿದ ಬಾಲ್ಡರ್ಸ್ ಗೇಟ್ 3 ಅನ್ನುವ ವೀಡಿಯೋ ಗೇಮ್‌ಗೆ ವರ್ಷದ ಅತ್ಯುತ್ತಮ ಆಟ ಅನ್ನುವ ಪ್ರಶಸ್ತಿ ಸಿಕ್ಕಿತ್ತು. ಆ ಒಂದು ಗೇಮ್‌ನಿಂದಲೇ ಹ್ಯಾಸ್‌ಬ್ರೊಗೆ 2023ರಲ್ಲಿ ಸುಮಾರು 9 ಕೋಟಿ ಡಾಲರ್ ಬಂತು. ಲೇರಿಯನ್ನಿನ ಮುಖ್ಯಸ್ಥರು ಆಮೇಲೆ ಬೇಜಾರಿನಿಂದ ಒಂದು ಮಾತು ಹೇಳಿದ್ದರು, ಈ ಗೇಮ್ ಮಾಡೋಣ ಅಂತ ಮೊದಲ ಸಭೆಯಲ್ಲಿ ಎದುರು ಕೂತಿದ್ದವರಲ್ಲಿ ಈಗ ಅಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿಲ್ಲ ಅಂತ.

ಇನ್ನು ಲೆಕ್ಕ ನೋಡಿ. 2023ರಲ್ಲಿ ವಿಝರ್ಡ್ಸ್ ಮತ್ತು ಡಿಜಿಟಲ್ ಗೇಮ್ ಸೇರಿದ ವಿಭಾಗದ ಆದಾಯ ಸುಮಾರು 146 ಕೋಟಿ ಡಾಲರ್. ಹಿಂದಿನ ವರ್ಷಕ್ಕಿಂತ ಶೇ 10 ಜಾಸ್ತಿ. ಅದರಲ್ಲಿ ನೂರಕ್ಕೆ ಮೂವತ್ತೈದರ ಮೇಲೆ ಲಾಭ. 2024ರಲ್ಲಿ ಆದಾಯ 151 ಕೋಟಿಗೆ ಏರಿತು, ಲಾಭದ ಪ್ರಮಾಣ ಶೇ 40 ದಾಟಿತು. ಇಂಥ ಲಾಭ ನಮ್ಮ ಮಂಗಳೂರಿನ ಯಾವ ವ್ಯಾಪಾರಿಗೆ ಸಿಗ್ತದೆ ಹೇಳಿ. ಆದರೂ ಅದೇ 2023ರಲ್ಲಿ ಇಡೀ ಹ್ಯಾಸ್‌ಬ್ರೊ ಸುಮಾರು 149 ಕೋಟಿ ಡಾಲರ್ ನಷ್ಟ ತೋರಿಸಿತು. ಹೇಗೆ? ಆಟಿಕೆ ಮಾರಾಟ ಬಿದ್ದಿತ್ತು, ಅದೊಂದು. ದೊಡ್ಡ ಪೆಟ್ಟು ಇನ್ನೊಂದು. 2019ರಲ್ಲಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಇ-ಒನ್ ಅನ್ನುವ ಸಿನಿಮಾ-ಟಿವಿ ಕಂಪನಿ ಕೊಂಡಿದ್ದರು. ಪೆಪ್ಪಾ ಪಿಗ್‌ನಂಥ ಮಕ್ಕಳ ಬ್ರ್ಯಾಂಡ್‌ಗಳನ್ನು ಇಟ್ಟುಕೊಂಡು, ಉಳಿದ ಸಿನಿಮಾ-ಟಿವಿ ಭಾಗವನ್ನು 2023ರಲ್ಲಿ ಲಯನ್ಸ್‌ಗೇಟ್‌ಗೆ ಸುಮಾರು 50 ಕೋಟಿಗೆ ಕೊಟ್ಟು ಕೈತೊಳೆದುಕೊಂಡರು. ಸಿನಿಮಾ ಕಂಪನಿ ಕೊಂಡು ಕೈಸುಟ್ಟುಕೊಂಡವರು ಯಾರೋ, ಕೆಲಸ ಕಳೆದುಕೊಂಡವರಲ್ಲಿ ಮೈಕ್ ಮಿಯರ್ಲ್ಸ್ ಅವರಂಥ ಆಟ ಬರೆಯುವವರೂ ಇದ್ದರು. 2014ರಲ್ಲಿ ಬಂದು ಈ ಆಟಕ್ಕೆ ಮರುಜೀವ ಕೊಟ್ಟ ಐದನೇ ಆವೃತ್ತಿಯನ್ನು ರೂಪಿಸಿದವರಲ್ಲಿ ಒಬ್ಬರು ಅವರು. ಆಟ ಓಡದೆ ಅವರ ಕೆಲಸ ಹೋದದ್ದು ಅಂತ ಬರೆದರೆ ಓದುಗರಿಗೆ ಸುಳ್ಳು ಹೇಳಿದ ಹಾಗೆ ಆಗ್ತದೆ ಅಲ್ವಾ?

ಒಂದು ಮಾತು ನ್ಯಾಯಕ್ಕೆ ಹೇಳಲೇಬೇಕು. ಆ 146 ಕೋಟಿಯಲ್ಲಿ ದೊಡ್ಡ ಪಾಲು ಡಂಜನ್ಸ್ ಅಂಡ್ ಡ್ರ್ಯಾಗನ್ಸಿನದ್ದಲ್ಲ, ಮ್ಯಾಜಿಕ್ ದಿ ಗ್ಯಾದರಿಂಗ್ ಅನ್ನುವ ಇಸ್ಪೀಟಿನ ಹಾಗಿನ ಕಾರ್ಡ್ ಆಟದ್ದು. 1993ರಲ್ಲಿ ಬಂದ ಆಟ ಅದು, 2022ರಲ್ಲಿ ಒಂದೇ ವರ್ಷಕ್ಕೆ 100 ಕೋಟಿ ಡಾಲರ್ ದಾಟಿತು. ಕಾರ್ಡ್ ಆಟಕ್ಕೆ ಆಡುವ ಪ್ರತಿಯೊಬ್ಬರೂ ದುಡ್ಡು ಹಾಕುತ್ತಾರೆ, ಹೊಸ ಪ್ಯಾಕೆಟ್ ಬಂದ ಹಾಗೆ ಮತ್ತೆ ಮತ್ತೆ ಕೊಳ್ಳುತ್ತಾರೆ. ನಮ್ಮ ಆಟದಲ್ಲಿ ಐದು ಜನರಲ್ಲಿ ಒಬ್ಬರು ಪುಸ್ತಕ ತಂದರೆ ಸಾಕು, ಉಳಿದ ನಾಲ್ವರು ಚುರುಮುರಿ ತಂದರೂ ನಡೀತದೆ. ಪುಸ್ತಕ ಹತ್ತು ವರ್ಷ ಬಾಳಿಕೆ ಬರುತ್ತದೆ. ಪ್ರಕಾಶಕರ ತಲೆನೋವು ಶುರುವಾಗುವುದೇ ಇಲ್ಲಿಂದ. ಒಂದು ಸಲ ಕೊಂಡವನಿಗೆ ಮತ್ತೆ ಎಂತ ಮಾರುವುದು? ಅದಕ್ಕೇ 2022ರಲ್ಲಿ 14 ಕೋಟಿ 60 ಲಕ್ಷ ಡಾಲರ್ ಕೊಟ್ಟು ಡಿ ಅಂಡ್ ಡಿ ಬಿಯಾಂಡ್ ಅನ್ನುವ ಆನ್‌ಲೈನ್ ಸೇವೆಯನ್ನು ಹ್ಯಾಸ್‌ಬ್ರೊ ಕೊಂಡದ್ದು. ಅದಕ್ಕೇ ಸಿಗಿಲ್ ಅನ್ನುವ ಮೂರು ಆಯಾಮದ ಡಿಜಿಟಲ್ ಮೇಜು ಕಟ್ಟಿಸಿದ್ದು. 2025ರ ಫೆಬ್ರುವರಿಯಲ್ಲಿ ಸಿಗಿಲ್ ಜನರ ಕೈಗೆ ಬಂತು. ಮುಂದಿನ ತಿಂಗಳೇ ಅದನ್ನು ಕಟ್ಟಿದ ಸುಮಾರು 30 ಜನರನ್ನು ಮನೆಗೆ ಕಳಿಸಿದರು. ಹಸಿ ಗೋಡೆ ಒಣಗುವ ಮೊದಲೇ ಮೇಸ್ತ್ರಿಗೆ ನಮಸ್ಕಾರ.

ಅದರ ಮರುತಿಂಗಳ ಸುದ್ದಿ ನಮ್ಮಂಥವರಿಗೆ ಜಾಸ್ತಿ ತಾಗಿತು. 28 ವರ್ಷ ಅಲ್ಲೇ ದುಡಿದ ಕ್ರಿಸ್ ಪರ್ಕಿನ್ಸ್, 18 ವರ್ಷ ಇದ್ದು ನಿಯಮಗಳ ಕೊನೆಯ ಮಾತು ಅನ್ನಿಸಿಕೊಂಡಿದ್ದ ಜೆರೆಮಿ ಕ್ರಾಫರ್ಡ್, ಇಬ್ಬರೂ ಹೊರಗೆ ಬಂದರು. ಇವರನ್ನು ಯಾರೂ ತೆಗೆದದ್ದಲ್ಲ. ಹೊಸ ಮೂರು ಮೂಲ ಪುಸ್ತಕ ಮುಗಿಸಿಕೊಟ್ಟು ತಾವಾಗಿಯೇ ಹೊರಟದ್ದು. ಪರ್ಕಿನ್ಸ್ ನಿವೃತ್ತಿ ಅಂತಲೇ ಹೇಳಿದ್ದರು. ಜೂನ್‌ನಲ್ಲಿ ನೋಡಿದರೆ ಇಬ್ಬರೂ ಡ್ಯಾರಿಂಗ್ಟನ್ ಪ್ರೆಸ್ ಸೇರಿದ್ದಾರೆ. ಅದು ಯಾರದ್ದು? ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವುದನ್ನೇ ಕ್ಯಾಮೆರಾ ಮುಂದೆ ತೋರಿಸಿ ಲಕ್ಷಾಂತರ ಜನರನ್ನು ಈ ಆಟಕ್ಕೆ ಎಳೆದ ಕ್ರಿಟಿಕಲ್ ರೋಲ್ ತಂಡದ್ದು. ಅವರು ಆಗಷ್ಟೇ, ಮೇ ತಿಂಗಳಲ್ಲಿ, ಡ್ಯಾಗರ್‌ಹಾರ್ಟ್ ಅನ್ನುವ ತಮ್ಮದೇ ಆಟ ತಂದಿದ್ದರು.

ಯಕ್ಷಗಾನ ನೋಡುವವರಿಗೆ ಇದರಲ್ಲಿ ಹೊಸತು ಎಂತದೂ ಇಲ್ಲ. ಮೇಳದ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳಕ್ಕೆ ಅಂತ ಚಾದಂಗಡಿಯಲ್ಲಿ ಚರ್ಚೆ ಶುರು. ಮೇಳದ ಹೆಸರು, ಕ್ಷೇತ್ರದ ಬಲ ಎಲ್ಲ ಇದ್ದದ್ದೇ, ಆದರೆ ಇಷ್ಟದ ಭಾಗವತರು ಇನ್ನೊಂದು ಮೇಳಕ್ಕೆ ಹೋದರೆ ಬೈಕ್ ಹತ್ತಿ ಅವರ ಹಿಂದೆ ಹೋಗುವ ಜನ ನಮ್ಮಲ್ಲಿ ಎಷ್ಟಿಲ್ಲ. ಮೇಳದ ಯಜಮಾನರಿಗೆ ಇದು ಚೆನ್ನಾಗಿ ಗೊತ್ತುಂಟು, ಅದಕ್ಕೇ ಒಳ್ಳೆಯ ಕಲಾವಿದರನ್ನು ಬಿಟ್ಟುಕೊಡುವ ಮೊದಲು ಹತ್ತು ಸಲ ಯೋಚಿಸುತ್ತಾರೆ. ಶೇರುದಾರರಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವವರಿಗೆ ಇದು ಕಾಣುವುದಿಲ್ಲ. ಸಂಬಳದ ಬಾಬತ್ತು ಈ ತಿಂಗಳೇ ಕಡಿಮೆಯಾಗ್ತದೆ, ಮುಂದಿನ ಪುಸ್ತಕ ಕಳಪೆಯಾದದ್ದು ಗೊತ್ತಾಗಲಿಕ್ಕೆ ಎರಡು ವರ್ಷ ಬೇಕು.

ಹೊರಗೆ ಹೋದವರೇ ಎದುರಾಳಿ ಆಗುವುದು ಈ ಉದ್ಯಮದಲ್ಲಿ ಹಿಂದೆಯೂ ಆದದ್ದುಂಟು. ವಿಝರ್ಡ್ಸಿನಲ್ಲಿ ಶುರುವಿನಿಂದ ಇದ್ದ ಲೀಸಾ ಸ್ಟೀವನ್ಸ್ 2002ರಲ್ಲಿ ಪೈಜೊ ಅನ್ನುವ ಕಂಪನಿ ಕಟ್ಟಿದರು. ವಿಝರ್ಡ್ಸಿನ ಎರಡು ಮಾಸಿಕಗಳನ್ನು ಗುತ್ತಿಗೆ ಮೇಲೆ ನಡೆಸುತ್ತಿದ್ದರು. 2007ರಲ್ಲಿ ವಿಝರ್ಡ್ಸ್ ಆ ಗುತ್ತಿಗೆಯನ್ನು ಮುಂದುವರಿಸಲಿಲ್ಲ. 2008ರಲ್ಲಿ ಬಂದ ನಾಲ್ಕನೇ ಆವೃತ್ತಿ ಹಳೆಯ ಆಟಗಾರರಿಗೆ ಹಿಡಿಸಲಿಲ್ಲ. ಪೈಜೊದವರು ಹಿಂದಿನ ಆವೃತ್ತಿಯ ನಿಯಮವನ್ನೇ ತಿದ್ದಿ 2009ರಲ್ಲಿ ಪಾತ್‌ಫೈಂಡರ್ ಅಂತ ಹೊಸ ಆಟ ತಂದರು. ನಮ್ಮ ನಿಯಮ ಬಳಸಿ ಬೇರೆಯವರೂ ಪುಸ್ತಕ ಮಾಡಬಹುದು ಅಂತ 2000ದಲ್ಲಿ ವಿಝರ್ಡ್ಸ್ ತಾನೇ ಕೊಟ್ಟಿದ್ದ ಮುಕ್ತ ಪರವಾನಗಿ ಇತ್ತಲ್ಲ, ಅದರಿಂದ ಕಾನೂನಿನ ತೊಂದರೆಯೂ ಬರಲಿಲ್ಲ. ಒಂದು ಹಂತದಲ್ಲಿ ಅಂಗಡಿ ಮಾರಾಟದಲ್ಲಿ ಅಸಲಿ ಆಟವನ್ನೇ ಹಿಂದೆ ಹಾಕಿದರು. ಇಷ್ಟು ಪಾಠ ಆದ ಮೇಲೂ 2023ರ ಜನವರಿಯಲ್ಲಿ ವಿಝರ್ಡ್ಸ್ ಆ ಪರವಾನಗಿಯನ್ನೇ ಬದಲಿಸಿ ಬಿಗಿ ಮಾಡಲಿಕ್ಕೆ ಹೊರಟಿತು. ಜನ ಸಿಟ್ಟಿನಿಂದ ಆನ್‌ಲೈನ್ ಚಂದಾ ರದ್ದು ಮಾಡಿದರು. ಎಂಟು ತಿಂಗಳಿಗೆ ಸಾಕು ಅಂದುಕೊಂಡಿದ್ದ ಪಾತ್‌ಫೈಂಡರ್ ಮೂಲ ಪುಸ್ತಕದ ದಾಸ್ತಾನು ಎರಡೇ ವಾರದಲ್ಲಿ ಖಾಲಿ ಅಂತ ಪೈಜೊ ಹೇಳಿಕೊಂಡಿತು. ತಿಂಗಳು ಮುಗಿಯುವ ಮೊದಲೇ ವಿಝರ್ಡ್ಸ್ ಹಿಂದೆ ಸರಿದು, ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟಿತು. ಈಗ ಆ ನಿಯಮಗಳಿಗೆ ಬೇಲಿ ಇಲ್ಲ. ಹಾಗಾದರೆ ಕಂಪನಿಯ ಹತ್ತಿರ ಉಳಿದದ್ದು ಎಂತ? ಹೆಸರು, ಚಂದಾದಾರರ ಪಟ್ಟಿ, ಮತ್ತೆ ಚಂದ ಬರೆಯುವ ಜನ. ಮೂರನೆಯದನ್ನು ಅವರೇ ಬಾಗಿಲು ತೆರೆದು ಬಿಡುತ್ತಿದ್ದಾರೆ.

ಪೈಜೊದಲ್ಲೂ ಎಲ್ಲ ಚೆನ್ನಾಗಿತ್ತು ಅಂತ ಹೇಳುವುದಿಲ್ಲ. 2021ರಲ್ಲಿ ಅಲ್ಲಿಯ ನೌಕರರು ಕಡಿಮೆ ಸಂಬಳ, ಕೆಲಸದ ಒತ್ತಡ ಅಂತ ಯೂನಿಯನ್ ಕಟ್ಟಿದರು. ಆಡಳಿತದವರು ಜಗಳ ಬೆಳೆಸದೆ ಮಾನ್ಯತೆ ಕೊಟ್ಟರು, ಅದು ಮೆಚ್ಚಬೇಕಾದ್ದು.

ಒಬ್ಬರು ಕೆಲಸ ಬಿಟ್ಟರೆ ಪುಸ್ತಕಕ್ಕೆ ಎಂತ ಆಗ್ತದೆ ಅಂತ ನಾನೇ ಕಂಡದ್ದು ಹೇಳುತ್ತೇನೆ. ಪ್ರಕಾಶಕರ ಹೆಸರು ಬೇಡ. ಒಂದು ಹಳೆಯ ದೀಪಸ್ತಂಭ, ಅದರ ಕೆಳಗೆ ನೆಲಮಾಳಿಗೆ. ಅದರ ನಕ್ಷೆ ನನ್ನ ಪಾಲಿಗೆ ಬಂದಿತ್ತು. ಕೋಣೆಗಳಿಗೆ ನಂಬರ್ ಇರುತ್ತದೆ, ಕಥೆಯಲ್ಲಿ ಆ ನಂಬರ್ ನೋಡಿ ಏನಿದೆ ಅಂತ ಓದಿಕೊಳ್ಳಬೇಕು. 14ನೇ ಕೋಣೆಗೆ ಬಾಗಿಲೇ ಇಲ್ಲ. ಬೇಕೆಂದೇ ಬಿಟ್ಟದ್ದು. ಮೇಲಿನ ಬಾವಿಯಿಂದ ಹಗ್ಗ ಇಳಿಸಿ ಮಾತ್ರ ಅಲ್ಲಿಗೆ ಹೋಗಬೇಕು, ಕಥೆಯ ಗುಟ್ಟೆಲ್ಲ ಆ ಕೋಣೆಯಲ್ಲೇ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಕಲಾ ನಿರ್ದೇಶಕಿಗೆ ಇದೆಲ್ಲ ಗೊತ್ತಿತ್ತು, ಬಾವಿಯ ಬಾಯಿ ಎಷ್ಟು ಅಗಲ ಇರಬೇಕು ಅಂತ ಅವರೇ ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸಿದ್ದರು. ನಕ್ಷೆ ಕಳಿಸಿದ ವಾರ ಅವರಿಗೆ ಬರೆದ ಮೇಲ್ ವಾಪಸ್ ಬಂತು, ಈ ವಿಳಾಸ ಇಲ್ಲ ಅಂತ. ಅವರ ಜಾಗಕ್ಕೆ ಬಂದವರು ಪಾಪ ಒಳ್ಳೆಯವರೇ, ಆದರೆ ಐದು ಪುಸ್ತಕ ಒಟ್ಟಿಗೆ ಅವರ ತಲೆ ಮೇಲೆ. 14ನೇ ಕೋಣೆಗೆ ಬಾಗಿಲು ಬಿಟ್ಟುಹೋಗಿದೆ ಅಂತ ಯಾರೋ ಗಮನಿಸಿ, ನನ್ನನ್ನು ಕೇಳದೆ ಅವರೇ ಒಂದು ಬಾಗಿಲು ಎಳೆದುಬಿಟ್ಟರು. ಪುಸ್ತಕ ಹಾಗೇ ಅಚ್ಚಾಯಿತು. ಆಡುವವರು ನೆಟ್ಟಗೆ ಬಾಗಿಲು ತೆಗೆದು ಒಳಗೆ ಹೋದರು, ಮೂರು ರಾತ್ರಿ ಆಡಬೇಕಾದ ಕಥೆ ಒಂದೇ ರಾತ್ರಿಗೆ ಮುಗಿಯಿತು. ವಿಮರ್ಶೆಯಲ್ಲಿ ಬೈಗುಳ ಬಿದ್ದದ್ದು ಕಥೆ ಬರೆದವರಿಗೆ. ನನ್ನ ಬಿಲ್ಲನ್ನು ಮಂಜೂರು ಮಾಡಬೇಕಾದವರೂ ಅದೇ ನಿರ್ದೇಶಕಿ ಆಗಿದ್ದರಿಂದ ಆ ದುಡ್ಡು ಬರುವಾಗ ಮಳೆಗಾಲ ಮುಗಿದಿತ್ತು. ಹೀಗೆ ಹಾಳಾದದ್ದು ಯಾವ ವಾರ್ಷಿಕ ವರದಿಯಲ್ಲಿ ಬರ್ತದೆ ಮಾರಾಯ್ರೆ?

ಆದರೆ ಜನ ಬದಲಾದ ಕೂಡಲೇ ಕಂಪನಿ ಮುಳುಗಿತು ಅಂತಲೂ ಹೇಳಲಿಕ್ಕಾಗುವುದಿಲ್ಲ. ಕೇಯೋಸಿಯಮ್ ಅಂತ ಒಂದು ಕಂಪನಿ ಉಂಟು, 1975ರಲ್ಲಿ ಗ್ರೆಗ್ ಸ್ಟ್ಯಾಫರ್ಡ್ ಶುರು ಮಾಡಿದ್ದು. ಅವರ ಕಾಲ್ ಆಫ್ ಕ್ತುಲು ಅನ್ನುವ ಆಟ 1981ರಿಂದ ಓಡುತ್ತಿದೆ. 2013ರಲ್ಲಿ ಅದರ ಏಳನೇ ಆವೃತ್ತಿಗೆ, ಜನರಿಂದ ಮುಂಗಡ ದುಡ್ಡು ಎತ್ತುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಮುಂಗಡ ಕೇಳಿದರು, ಐದೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ಸೇರಿತು. ಆಮೇಲೆ ಪುಸ್ತಕವೇ ಇಲ್ಲ. ಅದು ಕೊಡುತ್ತೇವೆ ಇದು ಕೊಡುತ್ತೇವೆ ಅಂತ ಮಾತು ಕೊಟ್ಟು ಮುದ್ರಣಕ್ಕೆ, ಅಂಚೆ ಖರ್ಚಿಗೆ ದುಡ್ಡು ಸಾಲದೆ ಹೋಯಿತು. 2015ರಲ್ಲಿ ಹಳೆಯ ಸ್ಟ್ಯಾಫರ್ಡ್ ಅವರೇ, ಕಾಲ್ ಆಫ್ ಕ್ತುಲು ಬರೆದ ಸ್ಯಾಂಡಿ ಪೀಟರ್ಸನ್ ಜೊತೆ ವಾಪಸ್ ಬಂದು, ಆಡಳಿತ ಬದಲಿಸಿ, ಹೊಸ ತಂಡವನ್ನು ಕೂರಿಸಿದರು. ಕೊಂಡವರಿಗೆ ಪುಸ್ತಕ ತಲುಪಿತು, ಕಂಪನಿ ಉಳಿಯಿತು. ಅಲ್ಲಿ ಬದಲಾದದ್ದು ಲೆಕ್ಕ ತಪ್ಪಿಸಿದವರ ಕುರ್ಚಿ, ವಾಪಸ್ ಬಂದದ್ದು ಆಟ ಬರೆಯಲು ಗೊತ್ತಿದ್ದವರು. ಹ್ಯಾಸ್‌ಬ್ರೊ ಮಾಡುತ್ತಿರುವುದು ಇದರ ಉಲ್ಟಾ.

ಇನ್ನೂ ಹಳೆಯ ಉದಾಹರಣೆ ಬೇಕಾದರೆ ಮೊದಲ ಮಾಲೀಕರಾದ ಟಿಎಸ್‌ಆರ್ ಕಂಪನಿಯದ್ದೇ ಉಂಟು. 1985ರಲ್ಲೇ ಗೈಗ್ಯಾಕ್ಸ್ ಕೈಯಿಂದ ಅಧಿಕಾರ ಹೋಗಿತ್ತು. ಆಮೇಲೆ ಹತ್ತಾರು ಕಥಾಲೋಕಗಳಿಗೆ ಬೇರೆ ಬೇರೆ ಪುಸ್ತಕ ಮಾಡಿದರು, ಒಂದರ ಗಿರಾಕಿ ಇನ್ನೊಂದನ್ನು ಮುಟ್ಟುವುದಿಲ್ಲ. ಮಾರದ ಪುಸ್ತಕ ಅಂಗಡಿಗಳಿಂದ ರಾಶಿ ರಾಶಿ ವಾಪಸ್ ಬಂತು. ಮುದ್ರಣದವರಿಗೆ ಕೊಡಲು ದುಡ್ಡಿಲ್ಲ. 1997ರಲ್ಲಿ ವಿಝರ್ಡ್ಸ್ ಕೊಂಡುಕೊಂಡು ಆಟವನ್ನು ಉಳಿಸಿತು, ಅದೂ ಕಾರ್ಡ್ ಆಟದ ದುಡ್ಡಿನಿಂದ. ಎರಡು ವರ್ಷ ಕಳೆದು ಹ್ಯಾಸ್‌ಬ್ರೊ ವಿಝರ್ಡ್ಸನ್ನೇ ಕೊಂಡಿತು.

ಸಣ್ಣ ಪ್ರಕಾಶಕರ ಕಥೆ ಬೇರೆಯೇ. 2024ರಲ್ಲಿ ಬ್ರದರ್‌ವೈಸ್ ಗೇಮ್ಸ್ ಒಂದು ಆಟಕ್ಕೆ ಕಿಕ್‌ಸ್ಟಾರ್ಟರ್‌ನಲ್ಲಿ ಒಂದೂವರೆ ಕೋಟಿ ಡಾಲರ್ ಎತ್ತಿತು. ಕೇಳಿದರೆ ಬಾಯಿ ಬಿಡಬೇಕು. ಆದರೆ ಅದು ಲಾಭ ಅಲ್ಲ, ಗಿರಾಕಿಯ ಮುಂಗಡ. ಪುಸ್ತಕ ಬರೆಸಿ, ಅಚ್ಚು ಹಾಕಿಸಿ, ಹಡಗಿನಲ್ಲಿ ತರಿಸಿ ಮನೆ ಮನೆಗೆ ಮುಟ್ಟಿಸಿದ ಮೇಲೆ ಉಳಿದದ್ದು ಲಾಭ. ಆ ನಡುವೆ ಯಾವ ಗಾಳಿ ಬೀಸುತ್ತದೋ ಯಾರಿಗೆ ಗೊತ್ತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಚೀನಾದ ಮಾಲಿನ ಮೇಲೆ ಶೇ 145 ಸುಂಕ ಹಾಕಿದಾಗ ಡಬ್ಬಿ ಆಟದವರಿಗೆ ಎದೆ ಒಡೆಯಿತು. ದಾಳ, ಗೊಂಬೆ, ಕಾರ್ಡು, ಪೆಟ್ಟಿಗೆ ಎಲ್ಲ ಹೆಚ್ಚಾಗಿ ಆಗುವುದು ಚೀನಾದಲ್ಲಿ. ಗ್ರೇಟರ್ ದ್ಯಾನ್ ಗೇಮ್ಸ್ ಅನ್ನುವ ಬೋರ್ಡ್ ಗೇಮ್ ಕಂಪನಿ ಆ ತಿಂಗಳೇ ಬಹುತೇಕ ಸಿಬ್ಬಂದಿಯನ್ನು ಕಳಿಸಿತು. ಬರೀ ಪುಸ್ತಕಕ್ಕೆ ಆ ಸುಂಕದಿಂದ ವಿನಾಯಿತಿ ಇತ್ತು, ಹಾಗಾಗಿ ನಮ್ಮ ಬಗೆಯ ಪ್ರಕಾಶಕರು ಸ್ವಲ್ಪ ಉಸಿರಾಡಿದರು. ಆಗ ನನ್ನನ್ನು ಒಬ್ಬರು ಕೇಳಿದ್ದುಂಟು, ನಿಮ್ಮ ಮಣಿಪಾಲದಲ್ಲಿ ದೊಡ್ಡ ಮುದ್ರಣಾಲಯ ಉಂಟಲ್ಲ, ಅಲ್ಲೇ ಹಾಕಿಸಿದರೆ ಆಗದೇ ಅಂತ. ಪುಸ್ತಕ ಖಂಡಿತ ಆಗ್ತದೆ. ಇಪ್ಪತ್ತು ಮುಖದ ದಾಳ, ಪ್ಲಾಸ್ಟಿಕ್ ಗೊಂಬೆ, ಒಳಗೆ ಅಚ್ಚುಕಟ್ಟಾಗಿ ಕೂರುವ ತಟ್ಟೆ ಇರುವ ಪೆಟ್ಟಿಗೆ, ಎಲ್ಲ ಒಂದೇ ಕಡೆ ಸಿಗಬೇಕು ಅಂದರೆ ಸದ್ಯಕ್ಕೆ ಇಲ್ಲಿ ಕಷ್ಟ.

ನಮ್ಮ ಕಡೆ ಈ ಆಟ ಆಡುವವರು ಎಷ್ಟು ಅಂತ ಕೇಳಬೇಡಿ, ಮಣಿಪಾಲದ ಹಾಸ್ಟೆಲುಗಳಲ್ಲಿ, ಮಂಗಳೂರಿನ ಕದ್ರಿ, ಬಿಜೈ ಕಡೆಯ ಫ್ಲ್ಯಾಟುಗಳಲ್ಲಿ ಭಾನುವಾರ ಕೂರುವ ಗುಂಪುಗಳು ಉಂಟು. ಹೆಚ್ಚಿನವರ ಹತ್ತಿರ ಅಸಲಿ ಪುಸ್ತಕ ಇಲ್ಲ. ಒಂದು ಮೂಲ ಪುಸ್ತಕಕ್ಕೆ 50 ಡಾಲರ್, ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರದ ಮೇಲೆ, ಪೂರ್ತಿ ಸೆಟ್ಟಿಗೆ ಅಂಥದ್ದು ಮೂರು ಬೇಕು. ವಿದ್ಯಾರ್ಥಿಗಳು ಎಲ್ಲಿಂದ ತರುವುದು? ಈಗ ಮೂಲ ನಿಯಮ ಪುಕ್ಕಟೆ ಸಿಗುವುದರಿಂದ ಅದನ್ನೇ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡ್ ಹಾಕಿಸಿ ಆಡುತ್ತಾರೆ. ಇವರೆಲ್ಲ ಯಾವ ಕಂಪನಿಯ ಲೆಕ್ಕಕ್ಕೂ ಬರುವುದಿಲ್ಲ. ಮುಂದೆ ಸಂಬಳ ಬಂದ ಮೇಲೆ ಮೊದಲು ಕೊಳ್ಳುವವರು ಇವರೇ.

ಇವರಲ್ಲಿ ಕೆಲವರು ನನ್ನ ಹತ್ತಿರ ಬಂದು, ನಾವೂ ಈ ಕೆಲಸಕ್ಕೆ ಸೇರಬಹುದಾ ಅಂತ ಕೇಳುತ್ತಾರೆ. ನಿಮ್ಮ ಸುದ್ದಿ ಓದಿದ ಒಬ್ಬಳು ಹುಡುಗಿ ಮೊನ್ನೆ ಫೋನ್ ಮಾಡಿ, ಇನ್ನು ಇದೆಲ್ಲ ಬಿಟ್ಟುಬಿಡಲಾ ಅಂದಳು. ನಾನು ಬೇಡ ಅಂದೆ. ದೊಡ್ಡ ಕಂಪನಿಯ ಕುರ್ಚಿಯನ್ನೇ ನಂಬಿ ಕೂರಬೇಡ, ಸಣ್ಣ ಪ್ರಕಾಶಕರ ಹತ್ತಿರ ಬಿಡಿ ಕೆಲಸ ಹಿಡಿ, ಬರೆಯುವವರಿಗೆ ಪದಕ್ಕೆ ಇಷ್ಟು ಸೆಂಟ್ ಅಂತ, ಚಿತ್ರಕ್ಕೆ ತಲಾ ಇಷ್ಟು ಅಂತ ಕೊಡುತ್ತಾರೆ. ಕರಾರಿನಲ್ಲಿ ಮೂರು ವಿಷಯ ಮೊದಲೇ ಬರೆಸಿಕೋ ಅಂದೆ. ಪುಸ್ತಕ ಅರ್ಧಕ್ಕೆ ನಿಂತರೆ ಎಷ್ಟು ದುಡ್ಡು, ದುಡ್ಡು ಕೊಡುವುದು ಕೆಲಸ ಒಪ್ಪಿಸಿದ ದಿನದಿಂದಲೋ ಪುಸ್ತಕ ಹೊರಬಂದ ದಿನದಿಂದಲೋ, ಮತ್ತೆ ಪುಸ್ತಕದಲ್ಲಿ ನಿನ್ನ ಹೆಸರು ಹಾಕುತ್ತಾರಾ ಇಲ್ಲವಾ. ಎರಡನೆಯದು ಎಲ್ಲಕ್ಕಿಂತ ಮುಖ್ಯ, ಎಷ್ಟೋ ಪುಸ್ತಕಗಳು ಸುಮ್ನೆ ವರ್ಷಗಟ್ಟಲೆ ಕಪಾಟಿನಲ್ಲಿ ಕೊಳೆಯುತ್ತವೆ. ಸಂಪರ್ಕಕ್ಕೆ ಒಬ್ಬರ ಮೇಲ್ ವಿಳಾಸ ಸಾಲದು, ಲೆಕ್ಕ ವಿಭಾಗದ ವಿಳಾಸ ಕೂಡ ಮೊದಲ ದಿನವೇ ಕೇಳಿ ಇಟ್ಟುಕೋ ಅಂತಲೂ ಹೇಳಿದೆ.

ನಿಮ್ಮ ಪತ್ರಿಕೆಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಇಂಥ ಸುದ್ದಿ ಬಂದಾಗ ತೆಗೆದವರ ಸಂಖ್ಯೆಯ ಪಕ್ಕದಲ್ಲಿ ಆ ವಿಭಾಗದ ಲಾಭವೂ ಒಂದು ಸಾಲು ಬರಲಿ, ಹ್ಯಾಸ್‌ಬ್ರೊ ತನ್ನ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಎಲ್ಲರೂ ನೋಡುವ ಹಾಗೆ ಹಾಕುತ್ತದೆ. ಬಿಡಿ ಕೆಲಸ ಮಾಡುವ ಇಲ್ಲಿನ ಚಿತ್ರಕಾರರಿಗೆ ಕರಾರಿನ ಬಗ್ಗೆ ಯುವಜನರ ಪುಟದಲ್ಲಿ ಒಂದು ಬರಹ ಹಾಕುವ ಮನಸ್ಸಿದ್ದರೆ ತಿಳಿಸಿ, ಬರೆದುಕೊಡಲು ನಾನು ತಯಾರಿದ್ದೇನೆ.

ಇತಿ,
ನಿಮ್ಮ ಓದುಗ,
ಕುಂಜಿಬೆಟ್ಟು, ಉಡುಪಿ